ಉಡುಗೊರೆಯ ಹೊದಿಕೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ವಿವಾಹ, ಉಪನಯನ, ಗೃಹಪ್ರವೇಶಾದಿ ಶುಭಕಾರ್ಯಗಳು ಮುಗಿದ ಮರುದಿನ ಮನೆಯವರ ಪಾಲಿಗೆ ಉಳಿಯುವ ಒಂದು ಪ್ರಶ್ನೆಯ ಕಡೆಗೆ ವಾಚಕ ಮಹಾಶಯರ ಗಮನವನ್ನು ಸೆಳೆಯಬಯಸುತ್ತೇವೆ. ಬಂದ ಉಡುಗೊರೆಗಳನ್ನು ಬಿಚ್ಚಿದ ಮೇಲೆ ರಾಶಿಯಾಗುವ ಥಳಥಳಿಸುವ ಹೊದಿಕೆಗಳನ್ನು ಏನು ಮಾಡತಕ್ಕದ್ದು? ಕಾಗದವೆಂದು ಕರೆಯಲ್ಪಡುವ ಈ ಪದಾರ್ಥವು ಅನೇಕ ವೇಳೆ ಕಾಗದವೇ ಅಲ್ಲ. ಲೋಹದ ತೆಳುಲೇಪವನ್ನು ಪಡೆದ ಪ್ಲಾಸ್ಟಿಕ್ ಹಾಳೆ. ಗೊಬ್ಬರದ ಗುಂಡಿಯಲ್ಲಿ ಅದು ಕರಗದು. ಬಚ್ಚಲೊಲೆಗೆ ತುರುಕಿದರೆ ಅದರ ವಿಷದ ಹೊಗೆಯು ಮೊದಲು ಮುಟ್ಟುವುದು ಒಲೆಯ ಮುಂದೆ ಕುಳಿತವರನ್ನು. ತೋಟದಂಚಿಗೆ ಎಸೆದರೆ ಮೊದಲ ಮಳೆಗೇ ಹಳ್ಳವನ್ನು ಸೇರಿ ತುಂಗೆಗೋ ಭದ್ರೆಗೋ ಹೋಗುವುದು.

ಭಾರತ ಸರ್ಕಾರವು 2022ರ ಜುಲೈ 1ರಿಂದ ನಿಷೇಧಿಸಿದ ವಸ್ತುಗಳಲ್ಲಿ ಮಿಠಾಯಿ ಡಬ್ಬಿ, ಆಮಂತ್ರಣ ಪತ್ರಿಕೆ, ಸಿಗರೇಟು ಪೊಟ್ಟಣಗಳಿಗೆ ಸುತ್ತುವ ಪ್ಲಾಸ್ಟಿಕ್ ಹೊದಿಕೆಯು ಸೇರಿದೆ. ಉಡುಗೊರೆಯ ಹೊದಿಕೆಯ ಹೆಸರನ್ನು ಮಾತ್ರ ಆ ಪಟ್ಟಿಯು ಎತ್ತಿಲ್ಲ. ಕರೆಯೋಲೆಯ ಮೇಲೆ ಇರಕೂಡದ್ದು ಕರೆಗೆ ಓಗೊಟ್ಟು ಬಂದವರ ಕೈಯಲ್ಲಿ ಇರಬಹುದೆಂದಾಯಿತು! (ಅದೇ ಓಲೆಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚಾಗಿದ್ದರೂ ಬರಿಗೈಯಲ್ಲಿ ಹೋಗುವವರು ವಿರಳ.) ಕಾನೂನು ನಿಂತಲ್ಲಿಂದ ಮುಂದಕ್ಕೆ ಗೃಹಸ್ಥರ ರೂಢಿಯೇ ನಡೆಯಬೇಕಾಗಿದೆ.

ಜಪಾನಿನಲ್ಲಿ ಚೌಕದ ಬಟ್ಟೆಯಲ್ಲಿ ಉಡುಗೊರೆಯನ್ನು ಗಂಟುಕಟ್ಟಿ ಕೊಡುವ ‘ಫುರೊಶಿಕಿ’ ಎಂಬ ಹಳೆಯ ಪದ್ಧತಿಯುಂಟು. ಬಟ್ಟೆಯನ್ನು ಕೊಟ್ಟವರಿಗೇ ಹಿಂದಿರುಗಿಸುವುದು ಅಲ್ಲಿಯ ಸಂಪ್ರದಾಯ. 2006ರಲ್ಲಿ ಆ ದೇಶದ ಪರಿಸರ ಸಚಿವೆಯಾಗಿದ್ದ ಯುರಿಕೊ ಕೊಯಿಕೆಯವರು ಇದನ್ನು ಮರಳಿ ಬಳಕೆಗೆ ತರಲು ಯತ್ನಿಸಿದರು. ನಮಗಾದರೋ ಅಷ್ಟು ದೂರ ಹೋಗಬೇಕಾದ ಅಗತ್ಯವಿಲ್ಲ. ಅರಿಸಿನ ಕುಂಕುಮಗಳೊಡನೆ ಕೊಡುವ ರವಿಕೆಯ ಕಣವು ಹೊಲಿಗೆಯ ಯೋಗವನ್ನೇ ಕಾಣದೆ ಮನೆಯಿಂದ ಮನೆಗೆ ಸಂಚರಿಸುತ್ತಿರುವುದು ಗೃಹಿಣಿಯರೆಲ್ಲರೂ ಬಲ್ಲ ಗುಟ್ಟು. ಈ ಸಂಚಾರವನ್ನು ದೋಷವೆಂದು ನಗುವವರುಂಟು. ನಾವು ಅದನ್ನು ಗುಣವೆಂದೇ ಎಣಿಸುತ್ತೇವೆ. ಆ ಕಣದ ನಡುವೆ ಪುಸ್ತಕವನ್ನೋ ಪಾತ್ರೆಯನ್ನೋ ಇಟ್ಟು, ಎದುರುಬದುರಿನ ಮೂಲೆಗಳನ್ನು ಗಂಟುಹಾಕಿದರೆ ಅಂಟುಪಟ್ಟಿಯೂ ಬೇಡ, ಕತ್ತರಿಯೂ ಬೇಡ. ಬಿಚ್ಚಿದವರು ಅದೇ ಕಣದಲ್ಲಿ ಮುಂದಿನ ಮನೆಗೆ ಉಡುಗೊರೆಯನ್ನು ಒಯ್ಯಬಹುದು.

ಆದರೆ ಇದಕ್ಕಾಗಿಯೇ ಅಂಗಡಿಯಿಂದ ಹೊಸ ಬಟ್ಟೆಯನ್ನು ಕೊಳ್ಳುವುದನ್ನು ನಾವು ಒಪ್ಪುವುದಿಲ್ಲ. ಡೆನ್ಮಾರ್ಕಿನ ಪರಿಸರ ಇಲಾಖೆಯು 2018ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹತ್ತಿಯ ಕೈಚೀಲವೊಂದು ಹವಾಮಾನದ ದೃಷ್ಟಿಯೊಂದರಿಂದಲೇ ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಬೇಕಾದರೂ 50ಕ್ಕೂ ಹೆಚ್ಚು ಸಲ ಬಳಕೆಯಾಗಬೇಕು. ಹತ್ತಿಯನ್ನು ಬೆಳೆಯುವುದಕ್ಕೆ ನೀರು, ಗೊಬ್ಬರಗಳು ತಗಲುವುವಷ್ಟೆ. ಹೊಳೆಯುವ ಪಾಲಿಯೆಸ್ಟರ್ ಬಟ್ಟೆಯಂತೂ ಪ್ಲಾಸ್ಟಿಕ್ಕಿನ ಇನ್ನೊಂದು ರೂಪ. ಪೆಟ್ಟಿಗೆಯಲ್ಲಿ ಮಡಿಚಿಟ್ಟ ಹಳೆಯ ನೂಲಿನ ಸೀರೆಯ ತುಂಡು, ಅಂಚು ಸವೆದ ಪಂಚೆ, ಬಳಕೆಯಾಗದ ಕಣ, ಇವೇ ಸಾಕು. ಮಳೆಗಾಲದಲ್ಲಿ ಬಟ್ಟೆಯು ನೆನೆದು ಬೂಷ್ಟು ಹಿಡಿಯುವುದೆಂಬ ಆಕ್ಷೇಪವು ಮಲೆನಾಡಿನಲ್ಲಿ ತಳ್ಳಿಹಾಕತಕ್ಕದ್ದಲ್ಲ. ಆ ತಿಂಗಳುಗಳಲ್ಲಿ ಗಂಟನ್ನು ಮನೆಯಲ್ಲಿರುವ ಗಟ್ಟಿಯಾದ ಚೀಲದೊಳಗಿಟ್ಟು ಒಯ್ದು, ಚೀಲವನ್ನು ಮರಳಿ ತರಬೇಕು.

ಅಧಿಕಾರಿ ಮಹಾಶಯರಲ್ಲಿಯೂ ಒಂದು ವಿಜ್ಞಾಪನೆಯಿದೆ. ಕಚೇರಿಗಳ ಸನ್ಮಾನ, ಬೀಳ್ಕೊಡುಗೆಗಳಲ್ಲಿ ಶಾಲು ಪ್ಲಾಸ್ಟಿಕ್ ಲಕೋಟೆಯಲ್ಲಿಯೂ, ಹಣ್ಣಿನ ಬುಟ್ಟಿಯು ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿಯೂ ಅಡಗಿ ಬರುತ್ತಿವೆ. ಶಾಲು ಸಹ ಬಟ್ಟೆಯೇ ತಾನೆ? ಮೂರು ಊರುಗಳ ಪಟ್ಟಣ ಪಂಚಾಯತಿಗಳು ತಮ್ಮ ಮುಂದಿನ ಸಭೆಯಲ್ಲಿ ಬುಟ್ಟಿಯನ್ನು ಆ ಶಾಲಿನಲ್ಲಿಯೇ ಕಟ್ಟಿ ತಂದು, ವೇದಿಕೆಯ ಮೇಲೆ ಗಂಟು ಬಿಚ್ಚಿ, ಅದನ್ನೇ ಸನ್ಮಾನಿತರಿಗೆ ಹೊದಿಸಬಹುದು.