ಹಸಿರು ವೈರಿಗೂ ಒಂದು ಅಳತೆ ಇದೆ, ಸ್ವಾಮಿ

ಕರ್ನಾಟಕ ಸರ್ಕಾರದ ಮುಖ್ಯ ವಿದ್ಯುತ್ ಪರಿವೀಕ್ಷಕರಿಗೆ,



ಶಿರಾಳಕೊಪ್ಪದ ಯಾವ ಎಲೆಕ್ಟ್ರಿಕಲ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ: "ಗೀಸರಿಗೆ ನಾಲ್ಕು ಸ್ಕ್ವೇರ್ ಕೊಡ್ರಿ, ಅರ್ತಿಂಗಿಗೆ ಒನ್ ಸ್ಕ್ವೇರ್ ಸಾಕು." ಬಂದವರು ಉಡುಗಣಿಯವರಿರಲಿ, ತಾಳಗುಂದದವರಿರಲಿ, ಆನವಟ್ಟಿ ಕಡೆಯವರಿರಲಿ, ಚೀಟಿಯಲ್ಲಿ ಬರೆದಿರುವುದು ಇದೇ. ಕೆಂಪು, ಕಪ್ಪು ವೈರು ಯಾವ ಕಂಪನಿಯದು, ಎಷ್ಟು ವರ್ಷ ಬಾಳುತ್ತದೆ ಎಂದೆಲ್ಲ ವಿಚಾರಿಸುವವರು ಅರ್ತಿನ ಹಸಿರು ಸುರುಳಿಯ ಹತ್ತಿರ ಬಂದೊಡನೆ ಕೈ ಬಿಗಿ ಮಾಡುತ್ತಾರೆ. ಇದೇ ಸೀಮೆಯಲ್ಲಿ ಮನೆ ವೈರಿಂಗ್ ಮಾಡಿಕೊಂಡು ಹೊಟ್ಟೆ ಹೊರೆದವನಾದ್ದರಿಂದ ಈ ವಿಷಯ ನಿಮಗೇ ಬರೆಯಬೇಕು ಅನ್ನಿಸಿತು. ಗುತ್ತಿಗೆದಾರರಿಗೆ ಲೈಸೆನ್ಸು, ವೈರ್‌ಮನ್‌ಗಳಿಗೆ ಪರ್ಮಿಟ್ಟು ಕೊಡುವ ಇಲಾಖೆ ನಿಮ್ಮದು.

ಜನರನ್ನು ಬೈದು ಪ್ರಯೋಜನವಿಲ್ಲ. ದಿನವೂ ಕರೆಂಟು ಹರಿಯದ ವೈರಿಗೆ ಅಷ್ಟೊಂದು ತಾಮ್ರ ಯಾಕೆ ಎಂದು ಅವರು ಕೇಳುವುದು ನ್ಯಾಯವಾಗಿಯೇ ಇದೆ. ಉತ್ತರವೂ ಅವರಿಗೆ ಗೊತ್ತಿರುವುದೇ. ಶಿಕಾರಿಪುರ, ಸೊರಬ ಕೆರೆಗಳ ಸೀಮೆ. ಕೋಡಿ ವರ್ಷದ ಬಹುಪಾಲು ಒಣಗಿಯೇ ಇರುತ್ತದಲ್ಲ ಎಂದು ಅದನ್ನು ಕಿರಿದಾಗಿ ಕಟ್ಟಿದರೆ ಏರಿಯ ಗತಿ ಏನೆಂದು ಇಲ್ಲಿನ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ಈ ಮಾತು ಹೇಳಿದಾಗ ತಲೆಯಾಡಿಸಿ ನಾಲ್ಕು ಸ್ಕ್ವೇರ್ ಕೊಂಡವರೂ ಇದ್ದಾರೆ. ತಲೆಯಾಡಿಸಿ ಒನ್ ಸ್ಕ್ವೇರನ್ನೇ ಕೊಂಡವರು ಜಾಸ್ತಿ.

ನಿಯಮ ಕಷ್ಟದ್ದೇನಲ್ಲ. ಅರ್ತಿಂಗಿಗೆ ಐಎಸ್ 3043, ಮನೆ ವೈರಿಂಗಿಗೆ ಐಎಸ್ 732 ಇವೆ. ಅರ್ತ್ ವೈರೂ ಫೇಸಿನ ಹಾಗೆ ತಾಮ್ರದ್ದೇ ಆಗಿದ್ದರೆ, 16 ಚದರ ಮಿಲಿಮೀಟರಿನವರೆಗೆ (ಅಂಗಡಿಯ ಮಾತಿನ 'ಸ್ಕ್ವೇರ್' ಇದೇ) ಫೇಸ್ ಎಷ್ಟು ದಪ್ಪವೋ ಅರ್ತೂ ಅಷ್ಟೇ. 16ರಿಂದ 35ರವರೆಗಿನ ಫೇಸಿಗೆ 16 ಸಾಕು, ಅದಕ್ಕೂ ಮೇಲಾದರೆ ಅರ್ಧ. ನಮ್ಮ ಮನೆಗಳ ವೈರು 16 ದಾಟುವುದೇ ಅಪರೂಪ. ಹಾಗಾಗಿ ಲೈಟಿಗೆ ಒಂದೂವರೆ ಎಳೆದಲ್ಲಿ ಹಸಿರೂ ಒಂದೂವರೆ, ಪ್ಲಗ್ಗಿಗೆ ಎರಡೂವರೆಯಾದರೆ ಹಸಿರೂ ಎರಡೂವರೆ, ಗೀಸರಿಗೆ ನಾಲ್ಕಾದರೆ ಹಸಿರೂ ನಾಲ್ಕು. ಫೇಸಿನ ಜೊತೆ ಅದೇ ಪೈಪಿನಲ್ಲಿ ಹೋಗದೆ ಬೇರೆಯಾಗಿ ಎಳೆಯುವುದಾದರೆ ಪೈಪಿನ ರಕ್ಷಣೆ ಇದ್ದರೂ ಎರಡೂವರೆಗಿಂತ ಕಡಿಮೆ ಬೇಡ, ಬರೀ ಗೋಡೆಯ ಮೇಲಾದರೆ ನಾಲ್ಕು.

ಎಂಸಿಬಿ ಇರುವಲ್ಲಿ ಲೆಕ್ಕ ಹಾಕಿದರೆ ಒನ್ ಸ್ಕ್ವೇರೂ ಪಾರಾಗುತ್ತದಲ್ಲ ಎಂದು ನಿಮ್ಮ ಇಂಜಿನಿಯರೊಬ್ಬರು ಆಕ್ಷೇಪ ತೆಗೆಯಬಹುದು. ಖರೆ. ಎಂಸಿಬಿ ಕ್ಷಣಮಾತ್ರದಲ್ಲಿ ಬಿದ್ದರೆ ಪಾರಾಗುತ್ತದೆ. ಆದರೆ ಹಳ್ಳಿಯ ಹಳೆಯ ಮನೆಗಳ ಬೋರ್ಡಿನಲ್ಲಿ ಇನ್ನೂ ಕೂತಿರುವುದು ಕಿಟ್‌ಕ್ಯಾಟ್ ಫ್ಯೂಸು. ಅದರೊಳಗೆ ಇರುವುದು ಫ್ಯೂಸ್ ತಂತಿಯಲ್ಲ, ಕೈಗೆ ಸಿಕ್ಕ ವೈರಿನಿಂದ ಕಿತ್ತ ತಾಮ್ರದ ಎಳೆಗಳು, ಮೂರು ನಾಲ್ಕು ಸೇರಿಸಿ ಹೊಸೆದದ್ದು. ಅಂಥ ಮನೆಯಲ್ಲಿ ಅರ್ತ್ ವೈರಿನಲ್ಲಿ 100 ಆಂಪಿಯರ್ ಹರಿಯಿತು ಎನ್ನಿ. ಒನ್ ಸ್ಕ್ವೇರ್ ವೈರಿನ ಪಿವಿಸಿ ತಡೆಯುವ ಕಾವು 160 ಡಿಗ್ರಿ. ಅಷ್ಟಕ್ಕೆ ಏರಲು ಬೇಕಾಗುವುದು ಸುಮಾರು 1.3 ಸೆಕೆಂಡು. ಅದೇ ನಾಲ್ಕು ಸ್ಕ್ವೇರಾದರೆ 20 ಸೆಕೆಂಡಿಗೂ ಮೇಲೆ. ದಪ್ಪ ನಾಲ್ಕು ಪಟ್ಟಾದರೆ ತಾಳಿಕೆ ಹದಿನಾರು ಪಟ್ಟಾಗುತ್ತದೆ. ಮತ್ತು ಈ ಹಸಿರು ವೈರು ಕಾಯುವುದು ಅದೇ ಪೈಪಿನಲ್ಲಿ ಫೇಸು, ನ್ಯೂಟ್ರಲ್‌ಗಳಿಗೆ ಅಂಟಿಕೊಂಡೇ.

ಶಾಖಕ್ಕಿಂತ ಹೆಚ್ಚಾಗಿ ನಾನು ಕಂಡಿರುವುದು ಬೇರೆ ತೊಂದರೆ. ಒಂದು ಮನೆಯ ಬಚ್ಚಲಿನ ಗೀಸರ್ ಪ್ಲಗ್ಗು ಬಿಚ್ಚಿದೆ. 16 ಆಂಪಿಯರ್ ಪ್ಲಗ್ಗಿನ ಅರ್ತ್ ತೂತು ದೊಡ್ಡದು. ಒನ್ ಸ್ಕ್ವೇರ್ ಅದರಲ್ಲಿ ನಿಲ್ಲದೆಂದು ಯಾರೋ ಎಳೆಗಳನ್ನು ಮಡಚಿ ತುರುಕಿ ಸ್ಕ್ರೂ ಬಿಗಿದಿದ್ದರು. ಸ್ಕ್ರೂ ಕೆಳಗೆ ಅರ್ಧ ಎಳೆ ತುಂಡಾಗಿ, ಉಳಿದದ್ದು ಕಪ್ಪಾಗಿ ಜಾರಿಕೊಂಡಿತ್ತು. ಅರ್ತ್ ಗುಂಡಿಯಿಂದ ಬರುವ ವೈರು ಹೀಗೆ ಬಿಟ್ಟುಕೊಂಡಿದೆ. ಆದರೆ ಅಲ್ಲಿಂದ ಮುಂದಕ್ಕೆ ವಾಷಿಂಗ್ ಮೆಷಿನ್ನಿಗೆ, ಮೋಟರ್ ಸ್ಟಾರ್ಟರಿಗೆ ಹೊಡೆದ ಲೂಪು ಗಟ್ಟಿಯಾಗಿದೆ. ಗೀಸರಿನ ಕಾಯಿಲ್ ಸೋರುತ್ತಿತ್ತು, ಟೆಸ್ಟರ್ ಉರಿದದ್ದು ವಾಷಿಂಗ್ ಮೆಷಿನ್ನಿನ ಮೈ ಮೇಲೆ. ಮನೆಯಾಕೆ ಸಮಾಧಾನದಿಂದಲೇ ಹೇಳಿದರು: "ಮಳೆಗಾಲ್ದಾಗೆ ಒಂಚೂರು ಜುಮ್ ಅಂತತಣ್ಣ, ಚಪ್ಲಿ ಹಾಕ್ಕಂಡು ಮುಟ್ತೀವಿ." ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಂತೆ ಇತ್ತೀಚಿನ ವರ್ಷಗಳಲ್ಲಿ ಕರೆಂಟು ಹೊಡೆದು ದೇಶದಲ್ಲಿ ಸಾಯುವವರು ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು. ಅವರಲ್ಲಿ ಎಷ್ಟು ಮಂದಿ ಮೊದಲು ಜುಮ್ ಅಂದದ್ದನ್ನು ಅಭ್ಯಾಸ ಮಾಡಿಕೊಂಡಿದ್ದರೋ.

ಇನ್ನು ಗುಂಡಿಯ ವಿಷಯ. ವೈರು ಎಷ್ಟೇ ದಪ್ಪವಿರಲಿ, ಅದು ಹೋಗಿ ಸೇರುವುದು ಮನೆಯ ಹಿಂದಿನ ಗುಂಡಿಯನ್ನು. ಪೈಪ್ ಅರ್ತಿಂಗಿಗೆ ಎರಡೂವರೆ ಮೀಟರ್ ಪೈಪು ಇಳಿಯಬೇಕು. ಇಲ್ಲಿ ಕೆಲವು ಕಡೆ ಮೊಳದುದ್ದ ಅಗೆಯುವಷ್ಟರಲ್ಲಿ ಜಂಬಿಟ್ಟಿಗೆ ಸಿಗುತ್ತದೆ, ಅಲ್ಲಿಗೆ ಪೈಪು ತುಂಡಾಗುತ್ತದೆ, ಇದ್ದಿಲು ಉಪ್ಪು ಬಿದ್ದು ಗುಂಡಿ ಮುಚ್ಚುತ್ತದೆ. ಜುಲೈ ತಿಂಗಳಲ್ಲಿ ಚೆನ್ನಾಗಿಯೇ ಇರುವ ಗುಂಡಿ ಏಪ್ರಿಲ್‌ನಲ್ಲಿ ಕೈಕೊಡುತ್ತದೆ. ರೋಧ 10 ಓಂ ಎಂದೇ ಹಿಡಿಯೋಣ, ಅದು ಕೆಟ್ಟದ್ದೇನಲ್ಲ. 230 ವೋಲ್ಟಿಗೆ ಹರಿಯುವುದು 23 ಆಂಪಿಯರ್. 16 ಆಂಪಿಯರಿನ ಎಂಸಿಬಿ ಅಷ್ಟಕ್ಕೆ ಬೀಳಲು ಒಂದು ಗಂಟೆಯಷ್ಟು ಹೊತ್ತು ತೆಗೆದುಕೊಳ್ಳಬಹುದು. ಅಷ್ಟು ಹೊತ್ತೂ ಗೀಸರಿನ ಮೈ ಜೀವಂತ. ಅದಕ್ಕೇ ಗುಂಡಿಯನ್ನೇ ನಂಬಿದ ಮನೆಗೆ ಕರೆಂಟು ಸೋರಿದೊಡನೆ ಸಪ್ಲೈ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕೇ ಬೇಕು. ಕೇಂದ್ರದ ಸುರಕ್ಷತಾ ನಿಯಮಾವಳಿಯೂ ಎರಡು ಕಿಲೋವ್ಯಾಟ್ ಮೀರಿದ ಮನೆಗೆ ಇಂಥ ಸಾಧನ ಕಡ್ಡಾಯ ಎನ್ನುತ್ತದೆ. ಗೀಸರೊಂದೇ ಸಾಮಾನ್ಯವಾಗಿ ಎರಡು ಕಿಲೋವ್ಯಾಟ್.

ಗುಂಡಿಯ ಗೋಜಿಗೇ ಹೋಗದೆ ಪ್ಲಗ್ಗಿನಲ್ಲೇ ಅರ್ತನ್ನು ನ್ಯೂಟ್ರಲ್‌ಗೆ ಕೂಡಿಸಿ ಮುಗಿಸುವ ಜಾಣರೂ ಇದ್ದಾರೆ. ಗಾಳಿಮಳೆಗೆ ಕಂಬದ ಹತ್ತಿರ ನ್ಯೂಟ್ರಲ್ ಕಿತ್ತುಹೋದ ದಿನ ಆ ಮನೆಯ ಫ್ರಿಜ್ಜು, ಮಿಕ್ಸಿ, ಮೋಟರು ಎಲ್ಲದರ ಮೈಗೂ ಕರೆಂಟು ಬರುತ್ತದೆ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮಗೆ ತಿಳಿಯದ್ದಲ್ಲ.

ನಿಮಗೆ ತಿಳಿದಿರುವ ಇನ್ನೊಂದು ಸಂಗತಿಯನ್ನು ಮಾತ್ರ ನೆನಪಿಸಬೇಕು. ಗ್ರಾಹಕನ ಆವರಣದಲ್ಲಿ, ಸಪ್ಲೈ ಶುರುವಾಗುವ ಜಾಗದಲ್ಲಿ, ಅರ್ತ್ ಟರ್ಮಿನಲ್ ಒದಗಿಸಿ ಅದನ್ನು ಸುಸ್ಥಿತಿಯಲ್ಲಿಡುವುದು ವಿದ್ಯುತ್ ಸರಬರಾಜು ಮಾಡುವವರ ಹೊಣೆ ಎಂದು 1956ರ ಭಾರತೀಯ ವಿದ್ಯುತ್ ನಿಯಮಗಳ 33ನೇ ನಿಯಮದಲ್ಲೇ ಇತ್ತು. 2010ರ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮಾವಳಿಯ 16ನೆಯದೂ ಅದನ್ನೇ ಹೇಳಿತು. ನಾನು ಕೆಲಸ ಮಾಡಿದ ಮನೆಗಳಿಗೆ ಕಂಬದಿಂದ ಇಳಿದು ಬಂದದ್ದು ಎರಡೇ ವೈರು. ಮೂರನೆಯದಕ್ಕೆ ಮನೆಯವನೇ ಗುಂಡಿ ತೋಡಿಕೊಂಡ. ಸರಬರಾಜು ಕಂಪನಿಯ ಟರ್ಮಿನಲ್ ಇದ್ದ ಮನೆಯಲ್ಲಿ ಫಾಲ್ಟಾದರೆ ನೂರಾರು ಆಂಪಿಯರ್ ಹರಿದು ಎಂಸಿಬಿ ಕೂಡಲೇ ಬೀಳುತ್ತದೆ, ಮತ್ತು ಹಸಿರು ವೈರಿನ ದಪ್ಪಕ್ಕೆ ಪೂರ್ತಿ ಬೆಲೆ ಬರುವುದು ಅಲ್ಲಿಯೇ.

ನಾನು ಕೇಳುವುದು ಹೊಸ ಕಾನೂನಲ್ಲ. ಕೆಲಸ ಮುಗಿದ ಮೇಲೆ ಗುತ್ತಿಗೆದಾರ ಸಹಿ ಹಾಕುವ ಪರೀಕ್ಷಾ ವರದಿಯ ಒಂದು ಕನ್ನಡ ಪ್ರತಿ ಎಂಸಿಬಿಗಳಿರುವ ಪೆಟ್ಟಿಗೆಯ (ಡಿಬಿ) ಬಾಗಿಲ ಒಳಮೈಗೆ ಅಂಟಬೇಕು. ಅದರಲ್ಲಿ ಪ್ರತಿ ಸರ್ಕ್ಯೂಟಿನ ಫೇಸ್ ಎಷ್ಟು, ಅರ್ತ್ ಎಷ್ಟು, ಗುಂಡಿಯ ರೋಧ ಎಷ್ಟು, ಯಾವ ತಿಂಗಳಲ್ಲಿ ಅಳೆದದ್ದು, ಆರ್‌ಸಿಸಿಬಿ ಬಿತ್ತೇ ಎಂಬುದಿರಲಿ. ತಿಂಗಳು ಬರೆಯಲೇಬೇಕು, ಯಾಕೆಂದರೆ ಮಳೆಗಾಲದ ಓಂ ಬೇಸಿಗೆಗೆ ನಡೆಯುವುದಿಲ್ಲ. ಬರೆದ ಅಂಕಿಯ ಕೆಳಗೆ ಪರ್ಮಿಟ್ಟಿನ ನಂಬರೂ ಇದ್ದರೆ, ಅರ್ತ್ ಟೆಸ್ಟರ್ ಮುಟ್ಟದೆ ಕೂತಲ್ಲೇ ಅಂಕಿ ತುಂಬಲು ನಮ್ಮವರ ಕೈ ಸ್ವಲ್ಪ ಅಳುಕುತ್ತದೆ. ಸಂತೆಗೆ ಬಂದ ರೈತ ಅರ್ತ್ ಟೆಸ್ಟರ್ ಕೊಳ್ಳಲಾರ, ನಮ್ಮಲ್ಲೂ ಅನೇಕರು ಕೊಳ್ಳಲಾರರು. ತಾಲ್ಲೂಕಿಗೆ ಒಂದೆರಡು ಟೆಸ್ಟರ್ ಬಾಡಿಗೆಗೆ ಸಿಗುವ ಹಾಗೆ ಮಾಡಿದರೂ ಸಾಕು. ಶಿಕಾರಿಪುರಕ್ಕೆ ಬಂದರೆ ಶಿರಾಳಕೊಪ್ಪದಿಂದ ಹೋಗಿ ತರುತ್ತೇವೆ.


ಶಿರಾಳಕೊಪ್ಪದ ಒಬ್ಬ ವೈರ್‌ಮನ್