ಚಳಿಗಾಲದ ಲಂಡನ್ನಿಗೆ ಚಿಕ್ಕಮಕ್ಕಳೊಡನೆ

ವಿದೇಶ ಪ್ರಯಾಣವೆಂಬುದು ಒಂದು ಕಾಲಕ್ಕೆ ವಿದ್ಯಾಭ್ಯಾಸಕ್ಕೋ ಉದ್ಯೋಗಕ್ಕೋ ಹೊರಟವರ ಪಾಲಿನದಾಗಿತ್ತು. ಇಂದು ನಮ್ಮ ಅನೇಕ ಮನೆತನಗಳಲ್ಲಿ ಅಣ್ಣನೋ ತಂಗಿಯೋ ಹೊರದೇಶದಲ್ಲಿ ಸಂಸಾರ ಹೂಡಿದ್ದಾರೆ. “ಡಿಸೆಂಬರ್ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬನ್ನಿ, ಲಂಡನ್ ನೋಡಿಕೊಂಡು ಹೋಗುವಿರಂತೆ” ಎಂಬ ಕರೆ ಬಂದೊಡನೆ ಮನೆಯಲ್ಲಿ ಸಂಭ್ರಮ ಮೂಡುವುದು ಸಹಜ. ಆದರೆ ಆ ಸಂಭ್ರಮದ ಬೆನ್ನಿಗೇ ಒಂದು ಹಟವೂ ಹುಟ್ಟಿಕೊಳ್ಳುತ್ತದೆ. ಇಷ್ಟು ಹಣ ವೆಚ್ಚ ಮಾಡಿ ಹೋದಮೇಲೆ ಒಂದನ್ನೂ ಬಿಡದೆ ನೋಡಿ ಬರಬೇಕೆಂಬುದೇ ಆ ಹಟ. ಐದಾರು ವರ್ಷದ ಮಕ್ಕಳೊಡನೆ ಹೊರಟವರಿಗೆ ಚಳಿಗಿಂತಲೂ ಹೆಚ್ಚಿನ ತೊಂದರೆ ಕೊಡುವುದು ಇದೇ ಎಂದು ನಾವು ಭಾವಿಸುತ್ತೇವೆ. ಆದುದರಿಂದ ಈ ಸಂಚಿಕೆಯಲ್ಲಿ ಚಳಿಗಾಲದ ಲಂಡನ್ ಪ್ರವಾಸವನ್ನು ಮಕ್ಕಳ ಶಕ್ತಿಗೆ ತಕ್ಕಂತೆ ಯೋಜಿಸುವ ಬಗೆಯನ್ನು ವಿಚಾರಿಸೋಣ.

ಮೊದಲು ಆ ಊರಿನ ಹಗಲನ್ನು ಅರಿಯಬೇಕು. ಡಿಸೆಂಬರಿನ ಮೂರನೆಯ ವಾರದಲ್ಲಿ ಲಂಡನ್ನಿನ ಸೂರ್ಯೋದಯ ಬೆಳಿಗ್ಗೆ ಸುಮಾರು ೮ ಗಂಟೆಗೆ. ಸೂರ್ಯಾಸ್ತ ಸಂಜೆ ೪ಕ್ಕೆ ಮುನ್ನವೇ. ಕೈಗೆ ಸಿಗುವ ಬೆಳಕು ಎಂಟು ತಾಸಿನಷ್ಟು ಮಾತ್ರ, ಅದರಲ್ಲಿಯೂ ಮೋಡ ಮುಚ್ಚಿದ ದಿನಗಳೇ ಹೆಚ್ಚು. ಇದರ ಜೊತೆಗೆ ನಮ್ಮ ಗಡಿಯಾರಕ್ಕೂ ಅಲ್ಲಿನ ಗಡಿಯಾರಕ್ಕೂ ಚಳಿಗಾಲದಲ್ಲಿ ಐದೂವರೆ ಗಂಟೆಗಳ ಅಂತರವಿದೆ. ಅಲ್ಲಿ ಬೆಳಗಿನ ಜಾವ ೩ ಗಂಟೆಯಾದಾಗ ನಮ್ಮಲ್ಲಿ ಎಂಟೂವರೆ; ಮಗು ಆಗಲೇ ಕಣ್ಣುಬಿಟ್ಟು ಹಸಿವೆಂದು ಎದ್ದು ಕೂರುತ್ತದೆ. ಅಲ್ಲಿ ಮಧ್ಯಾಹ್ನ ೪ ಆದಾಗ ನಮ್ಮಲ್ಲಿ ರಾತ್ರಿ ಒಂಬತ್ತೂವರೆ. ಮಗು ನಿಂತಲ್ಲಿಯೇ ತೂಕಡಿಸುತ್ತದೆ. ಮೊದಲ ನಾಲ್ಕೈದು ದಿನ ಇದನ್ನು ತಪ್ಪಿಸಲು ಯಾರಿಂದಲೂ ಆಗದು.

ಹಾಗಾದರೆ ಮಾಡಬೇಕಾದುದೇನು? ದಿನಕ್ಕೆ ಒಂದೇ ಸ್ಥಳವೆಂದು ಗೊತ್ತುಮಾಡಿಕೊಳ್ಳಬೇಕು. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಬೇಕು, ಮಧ್ಯಾಹ್ನ ಮೂರೂವರೆ ನಾಲ್ಕರೊಳಗೆ ವಸತಿಗೆ ಮರಳಬೇಕು. ಆರು ದಿನದ ಪ್ರವಾಸವಾದರೆ ಐದು ಸ್ಥಳಗಳು ಸಾಕು. ಬಂದಿಳಿದ ದಿನ ವಿಶ್ರಾಂತಿಗೇ ಮೀಸಲು. ಮಗುವಿನ ನಿದ್ರೆಯ ಹೊತ್ತೂ ಊರಿನ ಕತ್ತಲೆಯ ಹೊತ್ತೂ ಹೊಂದಿಕೊಂಡು ಬರುವುದರಿಂದ ಈ ಕ್ರಮ ಚಳಿಗಾಲಕ್ಕೆ ಹೇಳಿ ಮಾಡಿಸಿದಂತಿದೆ.

ನೋಡುವ ಸ್ಥಳಗಳ ವಿಚಾರದಲ್ಲಿ ಲಂಡನ್ ಉದಾರವಾದ ನಗರ. ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳ ಮುಖ್ಯ ವಿಭಾಗಗಳಿಗೆ ೨೦೦೧ರಿಂದ ಪ್ರವೇಶ ಶುಲ್ಕವಿಲ್ಲ. ಸೌತ್ ಕೆನ್ಸಿಂಗ್ಟನ್ ಎಂಬಲ್ಲಿ ನೈಸರ್ಗಿಕ ಇತಿಹಾಸ ಸಂಗ್ರಹಾಲಯ ಮತ್ತು ವಿಜ್ಞಾನ ಸಂಗ್ರಹಾಲಯಗಳು ಅಕ್ಕಪಕ್ಕದಲ್ಲಿಯೇ ಇವೆ. ರೈಲು ನಿಲ್ದಾಣದಿಂದ ಅವುಗಳ ಬಳಿಗೆ ನೆಲದಡಿಯ ಕಾಲುದಾರಿಯೂ ಉಂಟು. ಮಳೆಯ ದಿನ ಅದರ ಬೆಲೆ ತಿಳಿಯುತ್ತದೆ. ೧೮೮೧ರಲ್ಲಿ ತೆರೆದ ನೈಸರ್ಗಿಕ ಇತಿಹಾಸ ಸಂಗ್ರಹಾಲಯದ ಮುಖ್ಯ ಸಭಾಂಗಣದಲ್ಲಿ ೨೫ ಮೀಟರಿಗೂ ಉದ್ದವಾದ ನೀಲಿ ತಿಮಿಂಗಿಲದ ಅಸ್ಥಿಪಂಜರವನ್ನು ೨೦೧೭ರಿಂದ ತೂಗುಹಾಕಲಾಗಿದೆ. ಅದರ ಕೆಳಗೆ ನಿಂತ ಮಗು ಬಾಯಿ ತೆರೆದು ಅರ್ಧ ತಾಸು ನೋಡಿದರೆ ನೋಡಲಿ, ಕೈ ಹಿಡಿದು ಮುಂದಕ್ಕೆ ಎಳೆಯುವ ಅವಸರ ಬೇಡ. ಎರಡೂ ಸಂಗ್ರಹಾಲಯಗಳನ್ನು ಒಂದೇ ದಿನದಲ್ಲಿ ಮುಗಿಸುವ ಆಸೆಯನ್ನೂ ಬಿಡಬೇಕು. ರಜೆಯ ದಿನಗಳಲ್ಲಿ ಜನಸಂದಣಿ ಇರುವುದರಿಂದ ಉಚಿತ ಪ್ರವೇಶಕ್ಕೂ ಮೊದಲೇ ಸಮಯ ಕಾಯ್ದಿರಿಸುವುದು ಲೇಸು.

ಹಸಿರು ಬೇಕೆನ್ನುವವರು ಕ್ಯೂ ಸಸ್ಯೋದ್ಯಾನಕ್ಕೆ ಹೋಗಬಹುದು. ಅದಕ್ಕೆ ಶುಲ್ಕವುಂಟು. ಅಲ್ಲಿನ ಗಾಜಿನ ತಾಳೆಮನೆ ೧೮೪೮ರಲ್ಲಿ ಪೂರ್ಣಗೊಂಡದ್ದು. ಹೊರಗೆ ಚಳಿ ಕೊರೆಯುತ್ತಿದ್ದರೂ ಒಳಗೆ ಮಲೆನಾಡಿನ ಬೆಚ್ಚನೆಯ ತೇವ. ಟ್ರಫಾಲ್ಗರ್ ಚೌಕದಲ್ಲಿ ನಾರ್ವೆ ದೇಶದವರು ೧೯೪೭ರಿಂದ ಪ್ರತಿವರ್ಷ ಕಾಣಿಕೆಯಾಗಿ ಕಳುಹಿಸುತ್ತ ಬಂದಿರುವ ಎತ್ತರದ ಮರವನ್ನು ದೀಪಗಳಿಂದ ಅಲಂಕರಿಸಿರುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ನೆರವಾದುದಕ್ಕೆ ಒಂದು ದೇಶ ಸಲ್ಲಿಸುತ್ತಿರುವ ಕೃತಜ್ಞತೆ ಇದೆಂದು ಮಕ್ಕಳಿಗೆ ತಿಳಿಸಿ ಹೇಳಬೇಕು. ನಮ್ಮವರು ತಪ್ಪದೆ ನೋಡಬಯಸುವ ಮತ್ತೊಂದು ಸ್ಥಳ ಥೇಮ್ಸ್ ನದಿಯ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್. ವಿಶ್ವಗುರು ಬಸವಣ್ಣನವರ ಪ್ರತಿಮೆ ೨೦೧೫ರ ನವೆಂಬರ್ ೧೪ರಂದು ಪ್ರಧಾನಿ ನರೇಂದ್ರ ಮೋದಿಯವರಿಂದ ಅನಾವರಣಗೊಂಡದ್ದು ಅಲ್ಲಿಯೇ. ನದಿಯ ಗಾಳಿ ಬಲು ತಣ್ಣಗಿರುತ್ತದೆ. ಹಿರಿಯರು ಅಲ್ಲಿ ಎಷ್ಟು ಹೊತ್ತಾದರೂ ನಿಂತಾರು. ಮಕ್ಕಳಿದ್ದವರು ನಡುಹಗಲಿನಲ್ಲಿ ಹೋಗಿ ನಮಿಸಿ ಬೇಗನೆ ಮರಳುವುದು ಕ್ಷೇಮ.

ದಿನಾಂಕಗಳನ್ನು ಗೊತ್ತುಪಡಿಸುವಾಗ ಒಂದು ಎಚ್ಚರ ಅವಶ್ಯ. ಡಿಸೆಂಬರ್ ೨೫ರಂದು ಲಂಡನ್ನಿನಲ್ಲಿ ನೆಲದಡಿಯ ರೈಲಾಗಲಿ ನಗರ ಬಸ್ಸಾಗಲಿ ಓಡುವುದಿಲ್ಲ. ಮೇಲೆ ಹೇಳಿದ ಎರಡು ಸಂಗ್ರಹಾಲಯಗಳೂ ೨೪ರಿಂದ ೨೬ರವರೆಗೆ ಮುಚ್ಚಿರುತ್ತವೆ. ಆ ದಿನಗಳಿಗೆ ಬೇಕಾದ ಹಾಲು, ಬ್ರೆಡ್ಡು, ತರಕಾರಿಗಳನ್ನು ೨೩ರಂದೇ ತಂದಿಟ್ಟುಕೊಳ್ಳಬೇಕು. ವಿಮಾನದ ದರ ಏರಿರುವುದೂ ಆ ವಾರಗಳಲ್ಲಿಯೇ. ಇನ್ನೂ ಶಾಲೆಗೆ ಸೇರದ ಮಕ್ಕಳಿರುವವರು ಜನವರಿಯ ಎರಡನೆಯ ವಾರದ ನಂತರ ಹೊರಟರೆ ವೆಚ್ಚವೂ ಇಳಿಯುತ್ತದೆ, ನೂಕುನುಗ್ಗಲೂ ಇರುವುದಿಲ್ಲ. ಹಿಮ ಬೀಳುತ್ತದೆಂದು ಮಕ್ಕಳಿಗೆ ಆಸೆ ಹುಟ್ಟಿಸುವುದು ಮಾತ್ರ ಬೇಡ. ಲಂಡನ್ನಿನಲ್ಲಿ ಹಿಮಕ್ಕಿಂತ ಜಿನುಗುಮಳೆಯೇ ಹೆಚ್ಚು.

ಕಾಗದಪತ್ರಗಳ ಕೆಲಸವನ್ನು ಆಗಸ್ಟ್ ತಿಂಗಳಲ್ಲಿಯೇ ಆರಂಭಿಸುವುದು ಒಳ್ಳೆಯದು. ತೊಡೆಯ ಮೇಲಿನ ಕೂಸಿಗೂ ಪ್ರತ್ಯೇಕ ಪಾಸ್‌ಪೋರ್ಟು, ಪ್ರತ್ಯೇಕ ವೀಸಾ ಬೇಕು. ವೀಸಾಕ್ಕೆ ಪ್ರಯಾಣದ ದಿನಕ್ಕಿಂತ ಮೂರು ತಿಂಗಳು ಮೊದಲೇ ಅರ್ಜಿ ಸಲ್ಲಿಸಲು ಅವಕಾಶವಿದೆ. ಸಾಮಾನ್ಯವಾಗಿ ಮೂರು ವಾರಗಳಲ್ಲಿ ನಿರ್ಣಯ ಬರುತ್ತದೆ. ಅದು ಕೈಸೇರುವ ಮುನ್ನ ಹಣ ಮರಳಿ ಬಾರದಂಥ ಟಿಕೇಟು ಕೊಳ್ಳಬಾರದು. ನಮ್ಮ ಮನೆಗಳಲ್ಲಿ ತಾಯಿಯ ಹೆಸರಿನ ಮುಂದೆ ತವರಿನ ಅಡ್ಡಹೆಸರು, ಮಗುವಿನ ಹೆಸರಿನ ಮುಂದೆ ತಂದೆಯ ಮನೆತನದ ಹೆಸರು ಇರುವುದುಂಟು. ಅಂಥವರು ಮಗುವಿನ ಜನನ ಪ್ರಮಾಣಪತ್ರದ ಪ್ರತಿಯನ್ನು ಕೈಚೀಲದಲ್ಲಿಯೇ ಇರಿಸಿಕೊಳ್ಳಬೇಕು. ತಂದೆ ಅಥವಾ ತಾಯಿ ಒಬ್ಬರೇ ಮಗುವಿನೊಡನೆ ಹೊರಟಿದ್ದರೆ ಇನ್ನೊಬ್ಬರ ಒಪ್ಪಿಗೆಯ ಪತ್ರವೂ ಜೊತೆಗಿರಲಿ.

ವೈದ್ಯವಿಮೆಯನ್ನು ಮಾಡಿಸದೆ ಹೊರಡುವುದು ಸರ್ವಥಾ ತರವಲ್ಲ. ಅಲ್ಲಿನ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಚಿಕಿತ್ಸೆ ಉಚಿತವಾದರೂ, ಮಗುವನ್ನು ಒಳರೋಗಿಯಾಗಿ ಸೇರಿಸಬೇಕಾಗಿ ಬಂದರೆ ನಮ್ಮಂಥ ಪ್ರವಾಸಿಗಳಿಂದ ಅಲ್ಲಿನ ನಿಗದಿತ ದರದ ಒಂದೂವರೆ ಪಟ್ಟು ಹಣ ಪಡೆಯುತ್ತಾರೆ. ನ್ಯುಮೋನಿಯದಂಥ ಒಂದು ಕಾಯಿಲೆ ಮನೆಯ ಹಲವು ವರ್ಷಗಳ ಉಳಿತಾಯವನ್ನೇ ಕರಗಿಸೀತು. ಮಗುವಿಗೆ ದಿನವೂ ಕೊಡುವ ಔಷಧಿ, ವೈದ್ಯರ ಚೀಟಿ ಜೊತೆಗಿರಲಿ. ಉಡುಪು ಪದರ ಪದರವಾಗಿರಬೇಕು: ಮೈಗಂಟುವ ಒಳಉಡುಪು, ಅದರ ಮೇಲೆ ಉಣ್ಣೆ, ಹೊರಗೆ ಮಳೆ ತಡೆಯುವ ಕೋಟು. ಕಟ್ಟಡಗಳ ಒಳಗೆಲ್ಲ ಬೆಚ್ಚಗಿರುವುದರಿಂದ ಒಳಹೊಕ್ಕ ಕೂಡಲೇ ಕೋಟು ಬಿಚ್ಚಬೇಕು; ಬೆವರಿದ ಮೈಯಲ್ಲಿ ಮತ್ತೆ ಹೊರಗೆ ಬಂದರೆ ಚಳಿ ಹೆಚ್ಚಾಗಿ ಕಾಡುತ್ತದೆ. ನೀರಿಳಿಯದ ಬೂಟಿಗೆ ಮಾತ್ರ ಹಣದ ಮುಖ ನೋಡಬಾರದು.

ಆಹಾರದ ಪ್ರಶ್ನೆ ನಮ್ಮ ತಾಯಂದಿರನ್ನು ಬಹಳವಾಗಿ ಕಾಡುತ್ತದೆ. ಭಾರತದಿಂದ ಹೋಗುವ ಪ್ರಯಾಣಿಕರು ಹಾಲು, ಹಾಲಿನ ಪದಾರ್ಥಗಳನ್ನು ಆ ದೇಶಕ್ಕೆ ಒಯ್ಯುವಂತಿಲ್ಲ. ಬಂಧುಗಳಿಗೆಂದು ಧಾರವಾಡ ಪೇಡೆ, ಮನೆಯ ತುಪ್ಪ ಕಟ್ಟಿಕೊಂಡು ಹೋಗುವ ಆಸೆಗೆ ಇಲ್ಲಿ ತಡೆಯಿದೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಹುರಿದ ರವೆ ಜೊತೆಗಿದ್ದರೆ ಜಾವ ಮೂರಕ್ಕೆ ಎದ್ದ ಮಗುವಿನ ಹಸಿವಿಗೆ ಆಧಾರ. ಈ ಕಾರಣಕ್ಕಾಗಿಯೇ ಅಡುಗೆಮನೆಯುಳ್ಳ ವಸತಿ ಹೋಟೆಲಿನ ಕೋಣೆಗಿಂತ ಮೇಲು. ಹೊರಗೆ ತಿನಿಸು ಕೊಳ್ಳುವಾಗ ಪೊಟ್ಟಣದ ಬರಹವನ್ನು ಓದಬೇಕು. ಮಕ್ಕಳ ಮೆತ್ತನೆಯ ಮಿಠಾಯಿಗಳಲ್ಲಿ ಪ್ರಾಣಿಜನ್ಯ ಜೆಲಟಿನ್ ಇರುವುದು ಸಾಮಾನ್ಯ. ಯೂಸ್ಟನ್ ನಿಲ್ದಾಣದ ಸಮೀಪದ ಡ್ರಮಂಡ್ ಬೀದಿಯಲ್ಲಿ ಭಾರತೀಯ ಸಸ್ಯಾಹಾರದ ಊಟ ದೊರೆಯುತ್ತದೆ.

ಓಡಾಟದಲ್ಲಿ ಹನ್ನೊಂದು ವರ್ಷದೊಳಗಿನ ಮಕ್ಕಳಿಗೆ ಬಸ್ಸು ಉಚಿತ. ನೆಲದಡಿಯ ರೈಲಿನಲ್ಲಿಯೂ ಹಣ ತೆತ್ತ ಹಿರಿಯರೊಡನಿದ್ದರೆ ಅವರಿಗೆ ದರವಿಲ್ಲ. ಆದರೆ ಬಹುಪಾಲು ಹಳೆಯ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ. ಮಗುವಿನ ತಳ್ಳುಗಾಡಿಯನ್ನು ಹೊತ್ತು ಮೆಟ್ಟಿಲಿಳಿಯಬೇಕಾಗುತ್ತದೆ. ೨೦೨೨ರಲ್ಲಿ ನಗರದ ನಡುಭಾಗದಲ್ಲಿ ಆರಂಭವಾದ ಎಲಿಜಬೆತ್ ರೈಲುಮಾರ್ಗದಲ್ಲಿ ಈ ಕಷ್ಟವಿಲ್ಲ. ಹೀಥ್ರೂ ವಿಮಾನ ನಿಲ್ದಾಣದಿಂದ ಅದರಲ್ಲಿಯೇ ಊರ ನಡುವಿಗೆ ಬರಬಹುದು. ಬಂಧುಗಳ ಮನೆ ಊರಾಚೆ ಇದ್ದರೆ ಹೋಗುವುದಕ್ಕೊಂದು ತಾಸು, ಬರುವುದಕ್ಕೊಂದು ತಾಸು ಕಳೆದು ಎಂಟು ತಾಸಿನ ಹಗಲು ಆರಕ್ಕಿಳಿಯುತ್ತದೆ. ಅಂಥವರು ಮೂರು ದಿನ ನಗರದ ನಡುವೆ ತಂಗಿ, ಉಳಿದ ದಿನಗಳನ್ನು ಬಂಧುಗಳೊಡನೆ ಕಳೆದರೆ ಅವರ ನೌಕರಿಗೂ ಅಡ್ಡಿಯಾಗದು, ಆದರಕ್ಕೂ ಕೊರತೆಯಾಗದು.

ಹೊರಡುವ ಮುನ್ನ ಒಂದು ಸಂಜೆ ಮಕ್ಕಳನ್ನು ಕೂರಿಸಿಕೊಂಡು, ಅವರು ನೋಡಬಯಸುವುದೇನೆಂದು ಕೇಳಿ ಬರೆದುಕೊಳ್ಳಿರಿ. ಹಿರಿಯರ ಪಟ್ಟಿಯಲ್ಲಿ ಅರಮನೆ, ಗೋಪುರಗಳಿದ್ದರೆ ಅವರ ಪಟ್ಟಿಯಲ್ಲಿ ಎರಡಂತಸ್ತಿನ ಕೆಂಪು ಬಸ್ಸಿನ ಮುಂದಿನ ಆಸನವಷ್ಟೇ ಇದ್ದೀತು. ಎರಡು ಪಟ್ಟಿಗಳು ಸೆಣಸಿದ ದಿನ ಮಕ್ಕಳ ಪಟ್ಟಿಗೇ ಮನ್ನಣೆಯಿರಲಿ. ಅರಮನೆ ಗೋಪುರಗಳು ಇನ್ನೊಮ್ಮೆ ಹೋದಾಗಲೂ ಅಲ್ಲಿಯೇ ಇರುತ್ತವೆ, ಮಕ್ಕಳ ಈ ವಯಸ್ಸು ಮಾತ್ರ ಆಗ ಇರುವುದಿಲ್ಲ. ಈ ಚಳಿಗಾಲದಲ್ಲಿ ಹೊರಟು ನಿಂತಿರುವ ಕುಟುಂಬಗಳೆಲ್ಲರ ಪ್ರಯಾಣ ಸುಖಕರವಾಗಲೆಂದು ನಾವು ಹಾರೈಸುತ್ತೇವೆ.