ಒಮ್ಮೆ ಪಾಸು, ಒಮ್ಮೆ ಫೇಲು

ಸಿಂಧನೂರು, ಮಸ್ಕಿ, ಲಿಂಗಸುಗೂರಿನಿಂದ ಬೆಂಗಳೂರಿಗೆ ಹೋಗಿ ಸಾಫ್ಟ್‌ವೇರ್ ಕಂಪನಿ ಸೇರಿದವರಲ್ಲಿ ಕೆಲವರ ಕೆಲಸ 'ಟೆಸ್ಟಿಂಗ್'. ಅದೇನೆಂದು ಮನೆಯವರಿಗೆ ತಿಳಿಹೇಳುವುದು ಅವರಿಗೂ ಕಷ್ಟವೇ.

ನಮ್ಮ ಭತ್ತದಿಂದಲೇ ಶುರು ಮಾಡೋಣ. ಬೆಂಬಲ ಬೆಲೆಗೆ ಕೊಳ್ಳುವ ಭತ್ತದ ತೇವಾಂಶ ಶೇ 17 ಮೀರಬಾರದು. ಒಂದೇ ಚೀಲಕ್ಕೆ ಮಾಪಕ ಒಮ್ಮೆ 16.5, ಇನ್ನೊಮ್ಮೆ 17.5 ತೋರಿಸಿತೆನ್ನಿ. ದೋಷ ಮಾಪಕದ್ದೋ, ಚೀಲದ ತಳದಲ್ಲಿ ಉಳಿದ ಹಸಿ ಕಾಳಿನದೋ?

ಸಾಫ್ಟ್‌ವೇರಿನಲ್ಲೂ ಇದೇ ಪೇಚು. ಪ್ರೋಗ್ರಾಮಿನ ಒಂದು ಸಾಲು ಬದಲಿಸಿದರೂ ಕಂಪ್ಯೂಟರ್ ತಾನೇ ನೂರಾರು ಪರೀಕ್ಷೆ ನಡೆಸಿ ಪಾಸು, ಫೇಲು ಹೇಳುತ್ತದೆ. ಏನೂ ಬದಲಾಗದಿದ್ದರೂ ಫಲಿತಾಂಶ ಬದಲಾಗುವ ಪರೀಕ್ಷೆಗೆ 'ಫ್ಲೇಕಿ ಟೆಸ್ಟ್' ಎನ್ನುತ್ತಾರೆ. ತನ್ನ ಸುಮಾರು ಶೇ 16ರಷ್ಟು ಪರೀಕ್ಷೆಗಳಿಗೆ ಈ ಚಾಳಿ ಅಷ್ಟಿಷ್ಟು ಇದೆಯೆಂದು ಗೂಗಲ್ 2016ರಲ್ಲಿ ತಿಳಿಸಿತ್ತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಕಂಡುಕೊಂಡಂತೆ ಇದರ ಅತಿ ದೊಡ್ಡ ಕಾರಣ ಅವಸರ: ಉತ್ತರ ಬರುವ ಮುನ್ನವೇ ಪರೀಕ್ಷೆ ಅದನ್ನು ಹುಡುಕುತ್ತದೆ. ಒಂದು ಪರೀಕ್ಷೆ ಉಳಿಸಿಹೋದ ಕಸ ಮುಂದಿನದನ್ನು ಕೆಡಿಸುವುದೂ ಉಂಟು. ತೊಳೆಯದ ಬ್ಯೂರೆಟ್ಟಿನಲ್ಲಿ ಟೈಟ್ರೇಶನ್ ಮಾಡಿದ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ!

ಫೇಲಾದರೆ ಪಾಸಾಗುವವರೆಗೆ ಗುಂಡಿ ಒತ್ತುತ್ತ ಕೂರುವುದು ಸುಲಭದ ದಾರಿ. ಅಪಾಯವೂ ಅಲ್ಲೇ. ಆಗಾಗ ಕಾಣಿಸಿ ಮರೆಯಾಗುವ ದೋಷ ಪರೀಕ್ಷೆಯದಲ್ಲದೆ ಪ್ರೋಗ್ರಾಮಿನದೇ ಇರಬಹುದು. ಕ್ಯಾನ್ಸರ್‌ಗೆ ವಿಕಿರಣ ಕೊಡುವ 'ಥೆರಾಕ್-25' ಯಂತ್ರದ ಕಥೆ ಹೀಗೇ ಆಯಿತು. 1986ರ ಮಾರ್ಚ್‌ನಲ್ಲಿ ಟೆಕ್ಸಾಸ್‌ನ ಟೈಲರ್ ಊರಿನ ಆಸ್ಪತ್ರೆಯಲ್ಲಿ ಒಬ್ಬ ರೋಗಿಗೆ ಮಿತಿಮೀರಿದ ವಿಕಿರಣ ತಗುಲಿತು. ಎಂಜಿನಿಯರುಗಳು ಪರೀಕ್ಷಿಸಿದಾಗ ದೋಷ ಮರುಕಳಿಸಲಿಲ್ಲ. ಯಂತ್ರ ಮತ್ತೆ ಚಾಲೂ ಆಯಿತು. ಏಪ್ರಿಲ್‌ನಲ್ಲಿ ಇನ್ನೊಬ್ಬ ರೋಗಿಗೆ ಅದೇ ಗತಿ. ಇಬ್ಬರೂ ಬದುಕಲಿಲ್ಲ. ಆಸ್ಪತ್ರೆಯ ಭೌತವಿಜ್ಞಾನಿ ಫ್ರಿಟ್ಜ್ ಹೇಗರ್ ಯಂತ್ರ ನಡೆಸುವಾಕೆಯೊಡನೆ ಕುಳಿತು ಮತ್ತೆ ಮತ್ತೆ ಪ್ರಯತ್ನಿಸಿದಾಗ ಗುಟ್ಟು ಬಯಲಾಯಿತು: ತೆರೆಯ ಮೇಲಿನ ವಿವರಗಳನ್ನು ಬಹು ಬೇಗ ತಿದ್ದಿದಾಗ ಮಾತ್ರ ದೋಷ ಏಳುತ್ತಿತ್ತು. ನಿಧಾನವಾಗಿ ಟೈಪು ಮಾಡಿದವರಿಗೆ ಅದು ಸಿಗುವಂತಿರಲಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಅದೇ ಪರೀಕ್ಷೆಯನ್ನು ನೂರು ಸಲ ಓಡಿಸಿ, ಯಾವಾಗ ಬೀಳುತ್ತದೆಂದು ಬರೆದಿಡಬೇಕು. 'ಎರಡು ಸೆಕೆಂಡು ಕಾಯಿ' ಎಂಬಲ್ಲಿ 'ಉತ್ತರ ಬರುವವರೆಗೆ ಕಾಯಿ' ಎಂದು ತಿದ್ದಬೇಕು. ಕಾರಣ ಸಿಗದಿದ್ದರೆ ಸದ್ಯಕ್ಕೆ ಅದನ್ನು ಬೇರೆ ಪಟ್ಟಿಗೆ ಸರಿಸಬಹುದು. ಆದರೆ ಹುಡುಕುವ ಹೊಣೆ ಒಬ್ಬರ ಹೆಸರಿಗೆ ಇರಬೇಕು. ಗೂಗಲ್‌ನ ವ್ಯವಸ್ಥೆಯೂ ಹಾಗೆ ಸರಿಸಿದೊಡನೆ ಒಂದು ದೂರು ದಾಖಲಿಸುತ್ತಿತ್ತು.